ಎಲೆ ನೋಡದೆ ಕಟ್ಟಿದ ಪಣ

ಇದು ನಡೆದದ್ದು ಹೊಳೆಗೆ ಸೇತುವೆ ಬರುವುದಕ್ಕೆ ಆರು ವರ್ಷ ಮೊದಲು, ಕಾರ್ತಿಕ ಮಾಸದಲ್ಲಿ.

ಹೊಳೆಯ ಈಚೆ ದಡದಲ್ಲಿ ಒಂದು ಸಣ್ಣ ಆಶ್ರಮವಿತ್ತು. ಅಲ್ಲಿ ಮಾದಲಾಂಬೆ ಎಂಬ ಸೂಲಗಿತ್ತಿ ಇದ್ದರು. ಸುತ್ತಿನ ಹಳ್ಳಿಗಳ ಬಸುರಿಯರು ಹೆರಿಗೆಗೆ ಅವರ ಬಳಿಗೇ ಬರುತ್ತಿದ್ದರು. ಆಸ್ಪತ್ರೆ ಇದ್ದದ್ದು ಆಚೆ ದಡದಲ್ಲಿ. ಎರಡು ದಡಕ್ಕೂ ನಡುವೆ ಒಂದು ಹರಿಗೋಲು.

ಮಾದಲಾಂಬೆಗೆ ಒಬ್ಬಳೇ ಶಿಷ್ಯೆ, ರುದ್ರಾಣಿ. ಮೂರು ವರ್ಷದಿಂದ ಜೊತೆಗಿದ್ದಳು. ಕೈ ಚುರುಕು, ನೆನಪು ಗಟ್ಟಿ. ಕೊರತೆ ಒಂದೇ. ಅವಳ ಮುಖ ಏನನ್ನೂ ಮುಚ್ಚಿಡುತ್ತಿರಲಿಲ್ಲ.

ಅದೇ ವರ್ಷ ಶ್ರಾವಣದಲ್ಲಿ ಒಂದು ಹೆರಿಗೆಯಾಯಿತು. ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಅದನ್ನು ಕಂಡದ್ದೇ ರುದ್ರಾಣಿಯ ಮುಖ ಬಿಳಿಚಿಕೊಂಡಿತು. ಹೆರುತ್ತಿದ್ದ ತಾಯಿ ಆ ಮುಖವನ್ನು ನೋಡಿದಳು.

"ಹೋಯ್ತಾ?" ಎಂದಳು.

ಅಷ್ಟೇ. ಅವಳ ಕೈಕಾಲು ತಣ್ಣಗಾದವು. ತಿಣುಕುವ ಬಲವೇ ಉಡುಗಿಹೋಯಿತು. ತಾಯಿಯನ್ನೂ ಕೂಸನ್ನೂ ಉಳಿಸಿಕೊಳ್ಳುವಷ್ಟರಲ್ಲಿ ಮಾದಲಾಂಬೆಗೆ ಸಾಕುಸಾಕಾಯಿತು.

ಮಾರನೆಯ ದಿನ ರುದ್ರಾಣಿ ಊಟ ಮಾಡಲಿಲ್ಲ. ಮಧ್ಯಾಹ್ನ ಗುರುವಿನ ಎದುರು ಬಂದು ನಿಂತಳು.

"ನನ್ನ ಕೈಗೆ ಚೀಲ ಬರೋದೇ ಇಲ್ಲ, ಅಲ್ವಾ ಅವ್ವಾ?"

ಚೀಲವೆಂದರೆ ಸೂಲಗಿತ್ತಿಯ ಚೀಲ. ಕತ್ತರಿ, ದಾರ, ಒಗೆದ ಬಿಳಿ ಬಟ್ಟೆ, ಹರಳೆಣ್ಣೆಯ ಸೀಸೆ. ಅದನ್ನು ಗುರು ಕೊಟ್ಟ ಮೇಲೆ ಒಬ್ಬಳೇ ಹೋಗಿ ಹೆರಿಗೆ ಮಾಡಿಸಬಹುದು. ರುದ್ರಾಣಿ ಊರು ಬಿಟ್ಟು ಬಂದದ್ದೇ ಅದಕ್ಕಾಗಿ.

ಮಾದಲಾಂಬೆ ಗೋಡೆಯ ಗೂಡಿಗೆ ಕೈ ಹಾಕಿ ಒಂದು ಇಸ್ಪೀಟು ಕಟ್ಟು ತೆಗೆದರು. ಅಂಚೆಲ್ಲ ಸವೆದು ಮೆತ್ತಗಾಗಿತ್ತು.

"ಬಾ. ಇದನ್ನ ಕಲಿ."

"ಆಶ್ರಮದಲ್ಲಿ ಇಸ್ಪೀಟಾ?"

"ಹೊರಗೆ ಹೋಗೋಣ. ಮೆಟ್ಟಿಲ ಮೇಲೆ ಗಾಳಿ ಚೆನ್ನಾಗಿದೆ."

ಹಿಂದೆ ಆಚೆ ದಡದ ಆಸ್ಪತ್ರೆಯಲ್ಲಿ ಆಯಾ ಆಗಿದ್ದಾಗ ಮಾದಲಾಂಬೆ ದಾದಿಯರಿಂದ ಕಲಿತ ಆಟ ಅದು. ಹೆಸರು ಪೋಕರ್. ತಲಾ ಐದು ಎಲೆ. ಒಂದೇ ಬೆಲೆಯ ಎರಡು ಎಲೆ ಬಂದರೆ ಜೋಡಿ. ಮೂರು ಬಂದರೆ ಜೋಡಿಗಿಂತ ದೊಡ್ಡದು. ಎಲೆಯನ್ನು ಮುಚ್ಚಿ ಹಿಡಿದೇ ಪಣ ಕಟ್ಟಬೇಕು. ಎದುರಿನವರು ಅಷ್ಟೇ ಪಣ ಇಟ್ಟು "ತೋರಿಸು" ಎಂದರೆ ತೋರಿಸಲೇಬೇಕು. ಅಂಜಿ ಎಲೆ ಕೆಳಗಿಟ್ಟರೆ, ಕೈಯಲ್ಲಿ ಏನೇ ಇದ್ದರೂ ಸೋತ ಹಾಗೆ.

ಪಣಕ್ಕೆ ಹುಣಸೆ ಬೀಜ.

ಮೊದಲ ದಿನ ರುದ್ರಾಣಿ ಬೀಜವನ್ನೆಲ್ಲ ಸೋತಳು. ಎರಡನೆಯ ದಿನವೂ ಸೋತಳು.

"ನಿಮಗೆ ಹೇಗೆ ಗೊತ್ತಾಗುತ್ತೆ ಅವ್ವಾ?"

"ಒಳ್ಳೆ ಎಲೆ ಬಂದ್ರೆ ನಿನ್ನ ಮೂಗು ಅರಳುತ್ತೆ. ಮೂಗುಬೊಟ್ಟು ಮಿನುಗುತ್ತೆ."

ರುದ್ರಾಣಿ ಮರುದಿನ ಮೂಗುಬೊಟ್ಟು ಬಿಚ್ಚಿಟ್ಟು ಬಂದಳು.

"ಈಗ ಕಿವಿ ಕೆಂಪಾಗುತ್ತೆ. ಅದನ್ನೂ ಬಿಚ್ಚಿಡ್ತೀಯಾ?"

ಹರಿಗೋಲಿನ ಮಂಚಯ್ಯ ನೀರಿನಿಂದಲೇ ಕೂಗಿದ. "ಅವ್ವಾವ್ರೇ, ಪೊಲೀಸ್ನೋರು ಬಂದ್ರೆ ನನ್ನ ಹೆಸರು ಮಾತ್ರ ಹೇಳಬೇಡಿ."

"ನೀನು ಆಡೋಕೆ ಬರದೆ ಇದ್ರೆ ಹೇಳೋದೇ," ಎಂದರು ಮಾದಲಾಂಬೆ.

ದಿನಾ ಮಧ್ಯಾಹ್ನ ಆಟ ನಡೆಯಿತು. ಭಾದ್ರಪದ ಕಳೆಯಿತು, ಆಶ್ವಯುಜ ಕಳೆಯಿತು. ರುದ್ರಾಣಿ ತನ್ನ ಮುಖವನ್ನು ಒಂದೊಂದೇ ಅಂಗವಾಗಿ ಹಿಡಿತಕ್ಕೆ ತಂದುಕೊಂಡಳು. ಮೊದಲು ಹುಬ್ಬು, ಆಮೇಲೆ ತುಟಿ, ಕೊನೆಗೆ ಉಸಿರು.

ಕಾರ್ತಿಕದ ಒಂದು ಮಧ್ಯಾಹ್ನ ಅವಳ ಕೈಗೆ ಐದೂ ಕೆಲಸಕ್ಕೆ ಬಾರದ ಎಲೆ ಬಂದವು. ಜೋಡಿ ಕೂಡ ಇಲ್ಲ. ಅವಳು ನಿಧಾನವಾಗಿ ಇಪ್ಪತ್ತು ಬೀಜ ಎಣಿಸಿ ಮುಂದೆ ತಳ್ಳಿದಳು.

ಮಾದಲಾಂಬೆ ಅವಳ ಮುಖವನ್ನು ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಎಲೆ ಕೆಳಗಿಟ್ಟರು. ಎರಡು ರಾಜ ಇದ್ದವು.

ರುದ್ರಾಣಿ ತನ್ನ ಎಲೆಗಳನ್ನು ಮಗುಚಿ ತೋರಿಸಿದಳು. ಇಬ್ಬರೂ ನಕ್ಕರು. ಮಾದಲಾಂಬೆ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಇದಕ್ಕೆ ಆಸ್ಪತ್ರೆ ದಾದಿಯರು ಬ್ಲಫ್ ಅಂತಿದ್ರು."

"ಹಾಗಾದ್ರೆ ಈಗ ಚೀಲ ಕೊಡ್ತೀರಾ?"

"ಯಾವುದು ಬ್ಲಫ್, ಯಾವುದು ಅಲ್ಲ ಅಂತ ಹೇಳು. ಕೊಡ್ತೀನಿ."

ರುದ್ರಾಣಿಗೆ ಅದು ಸುಲಭವೆನಿಸಿತು.

"ಸಣ್ಣ ಎಲೆ ಇಟ್ಕೊಂಡು ದೊಡ್ಡ ಪಣ ಕಟ್ಟೋದು."

ಮಾದಲಾಂಬೆ ಎಲೆ ಕಲಸಿ ಐದನ್ನು ಅವಳ ಮುಂದೆ ಕವುಚಿ ಇಟ್ಟರು.

"ನೋಡಬೇಡ. ಪಣ ಕಟ್ಟು."

ರುದ್ರಾಣಿ ನೋಡದೆ ಮೂವತ್ತು ಬೀಜ ಇಟ್ಟಳು. ಮಾದಲಾಂಬೆ ತಮ್ಮ ಎಲೆ ಕೆಳಗಿಟ್ಟರು.

"ಈಗ ತೆಗೆದು ನೋಡು."

ಎರಡು, ಐದು, ಆರು, ಒಂಬತ್ತು, ಗುಲಾಮ. ಏನೂ ಇಲ್ಲ.

"ಸಣ್ಣ ಎಲೆ. ದೊಡ್ಡ ಪಣ. ನಾನು ಬಿಟ್ಟೆ. ಇದು ಬ್ಲಫ್ ಆಯ್ತಾ?"

"ಗೆದ್ದೆನಲ್ಲ ಅವ್ವಾ."

"ಗೆದ್ದೆಯಾ ಅಂತ ನಾನು ಕೇಳಲಿಲ್ಲ."

ರುದ್ರಾಣಿ ಬೀಜಗಳನ್ನು ಸೆರಗಿಗೆ ಕಟ್ಟಿಕೊಂಡು ಎದ್ದಳು.

ಮಾರನೆಯ ದಿನ ಬೇರೆ ಉತ್ತರ ತಂದಳು.

"ಎದುರಿನವರಿಗೆ ಸುಳ್ಳು ಹೇಳೋದು. ಅದೇ ಬ್ಲಫ್."

ಮಾದಲಾಂಬೆ ಮಾತಾಡದೆ ಎಲೆ ಹಾಕಿದರು. ತಮ್ಮ ಎಲೆಗಳನ್ನು ನೋಡಿಕೊಂಡರು. ಮಾತಾಡದೆ ನಲವತ್ತು ಬೀಜ ಇಟ್ಟರು. ರುದ್ರಾಣಿ ಗುರುವಿನ ಮುಖ ನೋಡಿದಳು, ಹೆದರಿದಳು, ಎಲೆ ಬಿಟ್ಟಳು. ಮಾದಲಾಂಬೆ ಮಗುಚಿ ತೋರಿಸಿದರು. ಜೋಡಿ ಕೂಡ ಇರಲಿಲ್ಲ.

"ನಾನು ಏನಾದ್ರೂ ಹೇಳಿದೆನಾ?"

"ಇಲ್ಲ."

"ಹೇಳದೇ ಇದ್ದದ್ದು ಸುಳ್ಳಾಗುತ್ತಾ?"

ರುದ್ರಾಣಿ ಎಲೆಗಳನ್ನು ಒಟ್ಟುಗೂಡಿಸತೊಡಗಿದಳು.

"ನಿಧಾನವಾಗಿ ಹೇಳು ಮಗಳೇ. ಚೀಲ ಎಲ್ಲಿಗೂ ಓಡಿಹೋಗಲ್ಲ."

ಮೂರನೆಯ ದಿನ ಬೆಳಗ್ಗೆ ದೂರದ ಹಳ್ಳಿಯಿಂದ ಕರೆ ಬಂತು. ಮಾದಲಾಂಬೆ ಚೀಲ ಹೆಗಲಿಗೆ ಹಾಕಿಕೊಂಡು ನಡೆದೇ ಹೋದರು. ಆಶ್ರಮದಲ್ಲಿ ರುದ್ರಾಣಿ ಒಬ್ಬಳೇ ಉಳಿದಳು.

ಬೆಳಗಿನ ಬಿಸಿಲು ಮೆಟ್ಟಿಲಿಗೆ ಇಳಿಯುವ ಹೊತ್ತಿಗೆ ಒಂದು ಗಾಡಿ ಬಂದು ನಿಂತಿತು. ಚಿಕ್ಕತಾಯಿ ಎಂಬ ಚೊಚ್ಚಿಲ ಬಸುರಿಯನ್ನು ಅವಳ ಅತ್ತೆ ಇಳಿಸಿಕೊಂಡಳು. ನೋವು ಈಗಷ್ಟೇ ಶುರುವಾಗಿತ್ತು. ಬಿಟ್ಟು ಬಿಟ್ಟು ಬರುತ್ತಿತ್ತು. ನೋವಿಗಿಂತ ಹೆಚ್ಚಾಗಿ ಹುಡುಗಿ ಭಯದಿಂದ ನಡುಗುತ್ತಿದ್ದಳು.

"ನಮ್ಮಕ್ಕ ಹೆರಿಗೆಲೇ ಹೋಗಿದ್ದು," ಎಂದಳು. ಬೇರೆ ಮಾತೇ ಅವಳ ಬಾಯಿಂದ ಬರಲಿಲ್ಲ.

ಬಂದವಳ ಹೊಟ್ಟೆಯನ್ನು ಮೊದಲು ಮುಟ್ಟಿ ನೋಡಬೇಕು, ಮಾತು ಆಮೇಲೆ. ಇದು ರುದ್ರಾಣಿ ಮೊದಲ ವರ್ಷವೇ ಕಲಿತ ಪಾಠ.

ಆದರೆ ಆ ಕಣ್ಣುಗಳು ಅವಳ ಮುಖವನ್ನು ನೋಡುತ್ತಿದ್ದವು. ರುದ್ರಾಣಿಗೆ ಶ್ರಾವಣದ ಹೆರಿಗೆ ನೆನಪಾಯಿತು. ಎರಡು ತಿಂಗಳಿಂದ ಕಲಿತದ್ದನ್ನೆಲ್ಲ ಮುಖಕ್ಕೆ ತಂದುಕೊಂಡಳು. ಹುಬ್ಬು, ತುಟಿ, ಉಸಿರು.

"ಎಲ್ಲಾ ಸರಿಯಾಗಿದೆ ಚಿಕ್ಕತಾಯಿ. ಭಯಪಡೋ ಅಂಥದ್ದು ಏನೂ ಇಲ್ಲ."

ಹುಡುಗಿ ಅವಳನ್ನು ದಿಟ್ಟಿಸಿದಳು. ನಡುಕ ನಿಂತಿತು. ಚಾಪೆಯ ಮೇಲೆ ಮಗ್ಗುಲಾದಳು. ಎರಡು ನೋವಿನ ನಡುವೆ ಅವಳಿಗೆ ನಿದ್ದೆಯೇ ಹತ್ತಿತು.

"ಏನು ಮಾಡ್ದೆ ತಾಯಿ?" ಎಂದಳು ಅತ್ತೆ, ಪಿಸುಮಾತಿನಲ್ಲಿ. "ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ ಇವಳು."

ರುದ್ರಾಣಿಯ ಎದೆ ತುಂಬಿ ಬಂತು. ಮಲಗಿದವಳನ್ನು ಎಬ್ಬಿಸಲು ಅವಳಿಗೆ ಮನಸ್ಸಾಗಲಿಲ್ಲ. ನೀರು ಕಾಯಿಸಿದಳು. ಬಟ್ಟೆ ಮಡಚಿಟ್ಟಳು. ಆಗಾಗ ಬಂದು ಆ ಶಾಂತವಾದ ಮುಖವನ್ನು ನೋಡಿ ಹೋದಳು.

ಹೀಗೆ ನಾಲ್ಕು ಗಂಟೆ ಕಳೆಯಿತು.

ಮಾದಲಾಂಬೆ ಬಂದರು. ಕಾಲು ತೊಳೆದರು. ಚಾಪೆಯ ಬಳಿ ಕೂತು ಹುಡುಗಿಯ ಹೊಟ್ಟೆಯ ಮೇಲೆ ಎರಡೂ ಅಂಗೈ ಇಟ್ಟರು. ಎಡಗೈ ಒಂದು ಪಕ್ಕೆಗೆ ಸರಿಯಿತು. ಬಲಗೈ ಇನ್ನೊಂದು ಪಕ್ಕೆಗೆ ಸರಿಯಿತು. ಅಲ್ಲೇ ನಿಂತಿತು.

ಅವರ ಮುಖ ಬದಲಾಗಲಿಲ್ಲ.

"ಒಳ್ಳೆ ನಿದ್ದೆ ಮಾಡಿದೀಯ ಮಗಾ. ಎದ್ದೇಳು, ಹೊಳೆ ದಾಟಿ ಆಸ್ಪತ್ರೆಗೆ ಹೋಗೋಣ. ಕೂಸು ಅಡ್ಡ ಮಲಗಿದೆ. ಅಲ್ಲಿ ತೆಗೀತಾರೆ."

ಆಮೇಲೆ ರುದ್ರಾಣಿಯ ಕಡೆ ತಿರುಗಿದರು. "ಮಂಚಯ್ಯನ್ನ ಕರಿ."

ಬೈಗುಳವಿಲ್ಲ. ಒಂದು ಕೆಟ್ಟ ನೋಟವೂ ಇಲ್ಲ. ರುದ್ರಾಣಿ ಮೆಟ್ಟಿಲುಗಳನ್ನು ಹಾರಿ ಹಾರಿ ಇಳಿದಳು.

ಮಂಚಯ್ಯ ನೀರನ್ನು ನೋಡಿ ತಲೆಯಾಡಿಸಿದ. "ಬೆಳಗ್ಗೆ ಹೊಳೆ ಕನ್ನಡಿ ಹಾಗಿತ್ತು. ಈಗ ಗಾಳಿ ಎದ್ದಿದೆ. ಬೆಳಗ್ಗೇನೇ ಯಾಕೆ ಹೇಳಲಿಲ್ಲ?"

ರುದ್ರಾಣಿ ಹರಿಗೋಲಿನ ಹಗ್ಗ ಬಿಚ್ಚಿದಳು.

ಹರಿಗೋಲು ದುಂಡನೆಯ ಬುಟ್ಟಿ. ಅದರಲ್ಲಿ ಯಾರೂ ಏಳಬಾರದು, ಹೊರಳಬಾರದು. ಒಬ್ಬರು ಅಲುಗಿದರೆ ಎಲ್ಲರೂ ನೀರಿಗೆ. ಚಿಕ್ಕತಾಯಿಯನ್ನು ನಡುವೆ ಎಡಮಗ್ಗುಲಾಗಿ ಮಲಗಿಸಿದರು. ಅವಳ ತಲೆ ಮಾದಲಾಂಬೆಯ ತೊಡೆಯ ಮೇಲೆ. ಅತ್ತೆ ಕಾಲ ಬಳಿ. ರುದ್ರಾಣಿ ಗುರುವಿನ ಬೆನ್ನಿಗೆ ಆತು ಕೂತಳು.

ನಡು ಹೊಳೆಯಲ್ಲಿ ಗಾಳಿ ಹರಿಗೋಲನ್ನು ಒಂದು ಸುತ್ತು ತಿರುಗಿಸಿತು. ನೋವು ಈಗ ಬಿಡುವಿಲ್ಲದೆ ಬರುತ್ತಿತ್ತು. ಹುಡುಗಿಯ ಮೈ ಬಿಗಿಯಿತು, ಕೈ ಹರಿಗೋಲಿನ ಅಂಚನ್ನು ಹಿಡಿಯಿತು.

"ತಿಣುಕಬೇಡ ಮಗಾ. ಉಸಿರು ಬಿಡು. ನನ್ನ ನೋಡು."

"ಅವ್ವಾ, ಅಡ್ಡ ಬಿದ್ದ ಕೂಸು ಉಳಿಯುತ್ತಾ? ಯಾವತ್ತಾದ್ರೂ ಉಳಿದಿದೆಯಾ?"

"ಉಳಿದಿದೆ. ಇದೇ ಹೊಳೆ ದಾಟಿಸಿ ಉಳಿಸ್ಕೊಂಡಿದ್ದೀನಿ."

ಮಾದಲಾಂಬೆ ಅದನ್ನು ಹೇಳಿದ್ದು ಬೆಳಗಿನ ಅಡುಗೆಯ ಬಗ್ಗೆ ಮಾತಾಡುವ ದನಿಯಲ್ಲಿ. ಹುಬ್ಬು ಅಲುಗಲಿಲ್ಲ. ತುಟಿ ಅಲುಗಲಿಲ್ಲ. ಹುಡುಗಿ ಆ ಮುಖವನ್ನೇ ನೋಡುತ್ತ ಅಂಚಿನಿಂದ ಕೈ ತೆಗೆದಳು. ಉಸಿರು ಬಿಟ್ಟಳು.

ಆದರೆ ಗುರುವಿನ ಎಡಗೈ ಬೆನ್ನ ಹಿಂದಿತ್ತು. ಅದು ರುದ್ರಾಣಿಯ ಮಣಿಕಟ್ಟನ್ನು ಹಿಡಿದುಕೊಂಡಿತ್ತು. ಹಿಡಿತ ಎಷ್ಟು ಬಿಗಿಯೆಂದರೆ ಅವಳಿಗೆ ಬೆರಳು ಮಡಚಲು ಆಗಲಿಲ್ಲ. ದಡ ಮುಟ್ಟುವವರೆಗೂ ಸಡಿಲಲಿಲ್ಲ.

ಆಸ್ಪತ್ರೆಯಲ್ಲಿ ಹುಡುಗಿಯನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು. ಮೂವರೂ ಹೊರಗಿನ ಬೆಂಚಿನ ಮೇಲೆ ಕೂತರು.

ದೀಪ ಹಚ್ಚುವ ಹೊತ್ತಿಗೆ ಕೂಸಿನ ಅಳು ಕೇಳಿಸಿತು. ಹೆಣ್ಣು ಕೂಸು. ತಾಯಿಯೂ ಕ್ಷೇಮ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮಾದಲಾಂಬೆ ನಲ್ಲಿಯ ಬಳಿಗೆ ಹೋಗಿ ಮುಖ ತೊಳೆದುಕೊಂಡರು. ಬಹಳ ಹೊತ್ತು ತೊಳೆದುಕೊಂಡರು.

ಮಾರನೆಯ ದಿನ ಇಬ್ಬರೂ ಆಶ್ರಮಕ್ಕೆ ವಾಪಸಾದರು. ರುದ್ರಾಣಿ ತನ್ನ ಎರಡು ಸೀರೆಯನ್ನು ಗಂಟು ಕಟ್ಟಿದಳು. ಮೂಗುಬೊಟ್ಟನ್ನು ಹಾಕಿಕೊಂಡಳು. ಹೇಳಿ ಹೋಗಲು ಗುರುವನ್ನು ಹುಡುಕಿದಳು.

ಮಾದಲಾಂಬೆ ಹೊಳೆಯ ಮೆಟ್ಟಿಲ ಮೇಲೆ ಎಲೆ ಕಲಸುತ್ತ ಕೂತಿದ್ದರು.

"ಗಂಟು ಎಲ್ಲಿಗೆ?"

"ಊರಿಗೆ."

"ಆಟ ಮುಗಿಸಿ ಹೋಗು. ಮಂಚಯ್ಯ ಇನ್ನೂ ಉಂಡಿಲ್ಲ, ಹರಿಗೋಲು ಈಗ ಹೊರಡಲ್ಲ."

ರುದ್ರಾಣಿ ಗಂಟನ್ನು ಪಕ್ಕಕ್ಕಿಟ್ಟು ಕೂತಳು. ತಲೆ ಎತ್ತಲಿಲ್ಲ.

"ಅವ್ವಾ, ನಾನು ಆ ಹುಡುಗಿ ಹತ್ರ ಬ್ಲಫ್ ಮಾಡಿದೆ. ಎಲ್ಲಾ ಸರಿ ಇದೆ ಅಂದೆ. ಇರಲಿಲ್ಲ. ನಾಲ್ಕು ಗಂಟೆ ಕಳೆದೆ."

"ನಾಲ್ಕು ಗಂಟೆ ಕಳೆದದ್ದು ನಿಜ. ಬ್ಲಫ್ ಮಾಡಿದ್ದು ಸುಳ್ಳು."

"ಮತ್ತೆ ಅದು ಏನು?"

ಮಾದಲಾಂಬೆ ಐದು ಎಲೆಯನ್ನು ಅವಳ ಮುಂದೆ ಕವುಚಿ ಇಟ್ಟರು.

ರುದ್ರಾಣಿ ಅವುಗಳನ್ನು ನೋಡುತ್ತ ಕೂತಳು. ಎಷ್ಟೋ ಹೊತ್ತಿನ ಮೇಲೆ ಕೈ ಚಾಚಿದಳು. ಮೊದಲನೆಯ ಎಲೆ ತೆಗೆದು ನೋಡಿದಳು. ಎರಡನೆಯದನ್ನು ನೋಡಿದಳು. ಐದನ್ನೂ ಒಂದೊಂದಾಗಿ ನೋಡಿದಳು.

"ನಾನು ಎಲೆ ನೋಡಿರಲೇ ಇಲ್ಲ," ಎಂದಳು.

"ಹೂಂ."

"ನನ್ನ ಕೈಯಲ್ಲಿ ಏನಿದೆ ಅಂತ ನನಗೇ ಗೊತ್ತಿಲ್ಲದೆ ಇದ್ರೆ, ಅದು ಬ್ಲಫ್ ಅಲ್ಲ."

"ಹೂಂ."

"ನೋಡಿರಬೇಕು. ಇಲ್ಲ ಅಂತ ಗೊತ್ತಿರಬೇಕು. ಗೊತ್ತಿದ್ದೂ ಪಣ ಕಟ್ಟಬೇಕು."

"ಯಾರ ಎದುರು?"

"ಚಿಕ್ಕತಾಯಿ ಎದು..." ರುದ್ರಾಣಿ ಅಲ್ಲಿಗೇ ನಿಲ್ಲಿಸಿದಳು. ಹೊಳೆಯ ಕಡೆ ನೋಡಿದಳು. "ಅಲ್ಲ. ಅವಳು ಎದುರಿಗೆ ಕೂತವಳಲ್ಲ. ನಮ್ಮ ಕಡೆಯವಳು."

"ಮತ್ತೆ ಎದುರಿಗೆ ಕೂತಿದ್ದು?"

"ಅವಳ ಭಯ. ಅದರ ಕೈಯಲ್ಲಿ ನಮಗಿಂತ ದೊಡ್ಡ ಎಲೆ ಇತ್ತು. ಹರಿಗೋಲಲ್ಲಿ ನೀವು ಅದನ್ನ ಕೆಳಗಿಡಿಸಿದ್ರಿ."

ಮಾದಲಾಂಬೆ ಅವಳ ಬಲಗೈಯನ್ನು ಎಳೆದುಕೊಂಡರು. ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನ ಗುರುತು ಕಂದಿತ್ತು. ಚೀಲದಿಂದ ಸೀಸೆ ತೆಗೆದು, ಅಂಗೈಗೆ ಹರಳೆಣ್ಣೆ ಹಾಕಿಕೊಂಡು, ಒಂದೊಂದೇ ಗುರುತಿನ ಮೇಲೆ ತೀಡಿದರು.

"ತುಂಬಾ ನೋಯ್ತಾ?"

"ಇಲ್ಲ."

"ಈಗ ಮೂಗು ಅರಳಿತು ನೋಡು."

ರುದ್ರಾಣಿ ನಗಲು ಹೋದಳು. ಕಣ್ಣಿಂದ ನೀರು ಬಂತು. ಅದನ್ನು ಮುಚ್ಚಿಡಲು ಅವಳು ಪ್ರಯತ್ನಿಸಲಿಲ್ಲ. ಮಾದಲಾಂಬೆ ಎಣ್ಣೆ ಕೈಯಲ್ಲೇ ಅವಳ ಕೆನ್ನೆ ಒರೆಸಿದರು. ಸೀಸೆಗೆ ಬಿರಡೆ ಹಾಕಿ ಚೀಲದೊಳಗಿಟ್ಟರು. ಚೀಲವನ್ನು ಅವಳ ಮಡಿಲಲ್ಲಿ ಇಟ್ಟರು.

ರುದ್ರಾಣಿ ಚೀಲವನ್ನು ಮುಟ್ಟಲಿಲ್ಲ.

"ಒಂದು ಕೇಳಬೇಕು ಅವ್ವಾ. ಹರಿಗೋಲಲ್ಲಿ ಅವಳಿಗೆ 'ಉಳಿದಿದೆ' ಅಂದ್ರಲ್ಲ. ಅದು ಸುಳ್ಳಾ?"

"ಸುಳ್ಳಲ್ಲ."

"ಎಷ್ಟು ಉಳಿದಿವೆ?"

"ಅವಳು ಎಷ್ಟು ಅಂತ ಕೇಳಲಿಲ್ಲ."

ರುದ್ರಾಣಿ ಸೆರಗಿನ ಗಂಟು ಬಿಚ್ಚಿದಳು. ಇದ್ದಬದ್ದ ಹುಣಸೆ ಬೀಜವನ್ನೆಲ್ಲ ಗುರುವಿನ ಮುಂದೆ ಸುರಿದಳು.

"ನಾನು ಕೇಳ್ತಿದ್ದೀನಿ. ತೋರಿಸಿ."

ಮಾದಲಾಂಬೆ ಬೀಜಗಳನ್ನು ನೋಡಿದರು. ಅವಳ ಮುಖ ನೋಡಿದರು. ಆಟದ ನಿಯಮ ನಿಯಮವೇ.

"ಅಡ್ಡ ಬಿದ್ದ ಕೂಸನ್ನ ಕರ್ಕೊಂಡು ಈ ಹೊಳೆ ದಾಟಿದ್ದು ಒಂಬತ್ತು ಸಲ. ಕೂಸು ಉಳಿದದ್ದು, ನಿನ್ನೆಯದೂ ಸೇರಿ, ಎರಡು."